ನಸುಕಿನಲ್ಲಿ ಬಂದು ಹೋಗುವವರು

ಮನೆಯಲ್ಲಿ ಉಳಿದಿದ್ದ ನೆಂಟರಲ್ಲಿ ಕೊನೆಯವರೂ ಹಿಂದಿನ ಸಂಜೆ ಬಸ್ಸು ಹತ್ತಿದ್ದರಿಂದ ಆವತ್ತು ರಕ್ಷಿತಾ ಹಾಲನ್ನು ತಾನೇ ಕಾಯಿಸಬೇಕಾಯಿತು. ಪ್ಯಾಕೆಟ್ಟನ್ನು ಪೂರ್ತಿ ಸುರಿದುಬಿಟ್ಟು, ಇಷ್ಟೆಲ್ಲ ಯಾರಿಗೆ ಎಂದು ನೋಡುತ್ತ ನಿಂತಳು. ಉಕ್ಕಿತು. ಒಲೆ ಒರೆಸಿದಳು. ಗಂಡ ರುದ್ರಪ್ರಸಾದನನ್ನು ಕುದೂರಿನ ಹೊಲದಲ್ಲಿ ಮಣ್ಣು ಮಾಡಿ, ಹನ್ನೊಂದನೆಯ ದಿನದ ಶಿವಗಣಾರಾಧನೆ ಮುಗಿಸಿ, ರಾಮನಗರದ ಬಾಡಿಗೆ ಮನೆಗೆ ಬಂದ ಮೇಲೆ ಹೀಗೆ ಯಾರೂ ಇಲ್ಲದ ಬೆಳಗು ಇದೇ ಮೊದಲು. ಅಳು ಬರಬಹುದೆಂದು ಸ್ವಲ್ಪ ಹೊತ್ತು ಕಾದಳು. ಬರಲಿಲ್ಲ. ಬಂದದ್ದು ರಸೂಲ್.

ರಸೂಲ್ ರೇಷ್ಮೆ ನೂಲು ತೆಗೆಯುವವರ ಸಂಘದಲ್ಲಿ ಕೆಲಸಕ್ಕಿದ್ದ. ಸಂಘದ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದವನು ರುದ್ರಪ್ರಸಾದ್. ಅವನ ಕೈಕೆಳಗೆ ಓಡಾಡುತ್ತ, ಬೆಳಗ್ಗೆ ಎಲ್ಲರಿಗಿಂತ ಮೊದಲು ಕಚೇರಿಯ ಬಾಗಿಲು ತೆಗೆಯುತ್ತಿದ್ದವನು ಇವನು. ಚಪ್ಪಲಿಯನ್ನು ಗೇಟಿನ ಹೊರಗೇ ಬಿಟ್ಟು ಬಂದು ನಿಂತ.

“ಅಕ್ಕ, ಇಂಥಾ ಟೈಮ್ನಾಗೆ ಬರ್ಬಾರ್ದು. ಬ್ಯಾರೆ ದಾರಿ ಇಲ್ದೆ ಬಂದೆ. ಸೋಮ್ವಾರದಿಂದ ನಂಗೆ ಕೆಲ್ಸ ಇಲ್ವಂತೆ.”

“ಯಾಕೆ?”

“ನಾನು ಕಳ್ಳ ಅಂತೆ.”

ನೂಲಿನ ಹರಾಜಿಗೆ ವ್ಯಾಪಾರಿಗಳು ಸಂಜೆಯೇ ತಮ್ಮ ತಮ್ಮ ಬೆಲೆ ಕಳಿಸುತ್ತಾರೆ. ಅವು ರಾತ್ರಿಯಿಡೀ ಬಿಲ್ಲಿಂಗ್ ಕಂಪ್ಯೂಟರಿನಲ್ಲಿ ಮುಚ್ಚಿಕೊಂಡಿದ್ದು, ಬೆಳಗ್ಗೆ ಎಲ್ಲರೆದುರು ತೆರೆಯಬೇಕಾದವು. ಈಚೆಗೆ ಕೆಲವು ದಿನಗಳಿಂದ ಅವನ್ನು ನಸುಕಿನಲ್ಲೇ ಯಾರೋ ತೆರೆದಿರುವ ಗುರುತು ಕಾಣುತ್ತಿತ್ತು. ಹರಾಜಿನಲ್ಲಿ ಸೋತ ವ್ಯಾಪಾರಿಯೊಬ್ಬ ಗಲಾಟೆ ಎಬ್ಬಿಸಿದ್ದ. ಆ ಹಳೆಯ ಕಂಪ್ಯೂಟರು ಯಾವಾಗ ತೆರೆದರೆಂದು ಹೇಳುತ್ತದೆ, ಯಾರೆಂದು ಹೇಳುವುದಿಲ್ಲ. ಬೀಗದ ಕೈ ಇದ್ದದ್ದು ರಸೂಲನ ಹತ್ತಿರ. ಸಂಘದ ಕಾರ್ಯದರ್ಶಿ ದಯಾನಂದನಿಗೆ ಅಷ್ಟು ಸಾಕಾಗಿತ್ತು.

“ರುದ್ರಣ್ಣ ಕಾವಲಿಗೆ ಅಂತ ಒಂದು ಲಿನಕ್ಸ್ ಮೆಷಿನ್ ಮಡಗಿದ್ರು. ಅರ್ಧಕ್ಕೇ ಬುಟ್ಟವ್ರೆ. ನೀವು ಓದಿರೋರು, ಒಸಿ ನೋಡಿ. ನಾನಲ್ಲ ಅಂತ ಅದು ಹೇಳಿದ್ರೆ ಸಾಕು.”

“ನೀನೇ ಅಂತ ಹೇಳಿದ್ರೆ?”

“ಹೇಳ್ಲಿ,” ಅಂದ.

ಉಳಿದ ಹಾಲಿನಲ್ಲಿ ಅವಳು ಇಬ್ಬರಿಗೂ ಕಾಫಿ ಮಾಡಿದಳು.

ಮಾನಸಗಂಗೋತ್ರಿಯಲ್ಲಿ ಅವಳು ಎಂ.ಎಸ್ಸಿ. ಮಾಡಿದ್ದು ಕಂಪ್ಯೂಟರಿನಲ್ಲೇ. ಬಿಡದಿಯ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಳು, ಈಗ ರಜೆಯಲ್ಲಿದ್ದಳು. ಅವಳು ಸಂಘದ ಮೆಟ್ಟಿಲು ಹತ್ತಿದ್ದನ್ನು ಕಂಡು ದಯಾನಂದ್ ಗಾಬರಿಯಿಂದ ಎದ್ದು ನಿಂತ. ಮಾತು ಒರಟು, ಮನುಷ್ಯ ಕೆಟ್ಟವನಲ್ಲ.

“ನೀನ್ಯಾಕವ್ವ ಬರಾಕೋದೆ? ಇವ್ನು ಬಂದು ಅತ್ನಾ?”

“ಅಳಲಿಲ್ಲ. ಅವರು ಹಾಕ್ಬೇಕು ಅಂದಿದ್ದ ಸಾಫ್ಟ್‌ವೇರ್ ನಾನು ಹಾಕ್ಕೊಡ್ತೀನಿ. ಸುರಿಕಾಟಾ ಅಂತ.”

“ಕಳ್ಳನ್ನ ಹಿಡ್ದು ಕಟ್ಟಾಕ್ತದಾ?”

“ಇಲ್ಲ. ನೋಡ್ತದೆ, ಬರ್ಕೊಳ್ತದೆ. ಅಷ್ಟೆ.”

“ನಮ್ಮ ವಾಚ್‌ಮನ್ನೂ ಅಂಗೇ. ಬರ್ಕಳಾಕೆ ಮಾತ್ರ ಬರಾಕಿಲ್ಲ.”

ಕಾವಲಿನ ಯಂತ್ರ ಮೂಲೆಯ ಮೇಜಿನ ಕೆಳಗಿತ್ತು. ಅದರ ಮೇಲೆ ರೇಷ್ಮೆಗೂಡಿನ ಎಳೆಗಳು ಕೂತು ಹತ್ತಿಯಂತಾಗಿದ್ದವು. ಹಿಂದಿನ ಕೋಣೆಯಿಂದ ಬೆಂದ ಹುಳುವಿನ ವಾಸನೆ ಬರುತ್ತಿತ್ತು. ರುದ್ರಪ್ರಸಾದನ ಅಂಗಿಗಳಲ್ಲೂ ಅದೇ ಇರುತ್ತಿತ್ತು. ಸುರಿಕಾಟಾ ಒಂದು ಸಾಲಿನ ಆಜ್ಞೆಗೇ ಇಳಿದು ಬಂತು. ಇಂಥವು ಇಳಿಯುವುದು ಸುಲಭ, ಅವಕ್ಕೆ ಮನೆ ತೋರಿಸಿಕೊಡುವುದೇ ಕಷ್ಟ. ಯಾವುದು ಒಳಗೆ, ಯಾವುದು ಹೊರಗೆ ಎಂದು ಸಂರಚನೆಯ ಕಡತದಲ್ಲಿ ಬರೆದುಕೊಡಬೇಕು. ರುದ್ರಪ್ರಸಾದ್ ಹಿಂದೆಯೇ ಬರೆದಿಟ್ಟಿದ್ದ ಕಡತವೊಂದಿತ್ತು. ಕಚೇರಿಯ ವಿಳಾಸಗಳನ್ನು ಅರ್ಧ ತುಂಬಿದ್ದ. ನೆಟ್‌ವರ್ಕ್ ಕಾರ್ಡಿಗೆ ಹಳೆಯ ಪುಸ್ತಕದಲ್ಲಿದ್ದ ಹೆಸರು ಕೊಟ್ಟಿದ್ದ; ಈ ಯಂತ್ರ ಅದನ್ನು ಬೇರೆ ಹೆಸರಿನಿಂದ ಕರೆಯುತ್ತಿತ್ತು. ಎರಡನ್ನೂ ಸರಿಪಡಿಸಿ ಪರೀಕ್ಷೆಗೆ ಹಚ್ಚಿದರೆ ಮತ್ತೆ ತಪ್ಪು ಎಂದಿತು. ಹುಡುಕಿದಳು. ಒಂದು ಸಾಲಿನ ಮೊದಲಿಗೆ ಅವನು ಖಾಲಿ ಜಾಗ ಬಿಡುವ ಬದಲು ಟ್ಯಾಬ್ ಒತ್ತಿದ್ದ. ಆ ಕಡತ ಟ್ಯಾಬನ್ನು ಸಹಿಸುವುದಿಲ್ಲ. ಇದನ್ನು ಅವಳು ಅವನಿಗೆ ಎಷ್ಟು ಸಲ ಹೇಳಿದ್ದಳೋ. ಪ್ರತಿಸಲವೂ ‘ಆಯ್ತು ಮೇಷ್ಟ್ರೇ’ ಅನ್ನುತ್ತಿದ್ದ.

ಟ್ಯಾಬ್ ಅಳಿಸಿ ಎರಡು ಖಾಲಿ ಜಾಗ ಬಿಟ್ಟಳು. ಸರಿಯಾಯಿತು.

ಬಿಲ್ಲಿಂಗ್ ಕಂಪ್ಯೂಟರಿಗೆ ಹೋಗಿ ಬರುವ ಎಲ್ಲದರ ಪ್ರತಿಯೊಂದು ಈ ಯಂತ್ರಕ್ಕೂ ಬರುವಂತೆ ಸ್ವಿಚ್ಚಿನಲ್ಲಿ ವ್ಯವಸ್ಥೆ ಮಾಡಿದಳು. ಕಾವಲಿನ ನಿಯಮಗಳನ್ನು ಇಳಿಸಿಕೊಂಡು, ಕೊನೆಗೆ ತನ್ನದೊಂದು ಸೇರಿಸಿದಳು: ಕಚೇರಿಯೊಳಗಿನ ಯಂತ್ರಗಳನ್ನು ಬಿಟ್ಟು ಬೇರೆ ಯಾವುದಾದರೂ ಹರಾಜಿನ ಕಡತಗಳನ್ನು ಮುಟ್ಟಿದರೆ ಹೆಸರು ಬರೆದಿಡು. ಸಂಜೆ ರಸೂಲ್ ಯಾರೂ ಕೇಳದೆಯೇ ಬೀಗದ ಕೈಯನ್ನು ದಯಾನಂದನ ಮೇಜಿನ ಮೇಲಿಟ್ಟು ಹೋದ.

ಮಾರನೆಯ ಬೆಳಗ್ಗೆ ದಯಾನಂದನೇ ಬೀಗ ತೆಗೆದ. ಮೂವರೂ ಪರದೆಯ ಮುಂದೆ ನಿಂತರು. ನಸುಕಿನಲ್ಲಿ ಯಾರೋ ಬಂದು ಹೋಗಿದ್ದರು. ಬಾಗಿಲಿನಿಂದಲ್ಲ. ಹೊರಗಿದ್ದುಕೊಂಡೇ ಕಚೇರಿಯ ಕೆಲಸ ಮಾಡಲು ರುದ್ರಪ್ರಸಾದ್ ಇಂಟರ್ನೆಟ್ಟಿನಲ್ಲಿ ಮಾಡಿಟ್ಟಿದ್ದ ಖಾಸಗಿ ದಾರಿಯಲ್ಲಿ ಬಂದು, ಇದ್ದಬದ್ದ ಕಡತಗಳನ್ನೆಲ್ಲ ತೆರೆದು, ಹೋಗಿದ್ದರು. ಬಂದ ಯಂತ್ರದ ಹೆಸರೂ ಅಲ್ಲಿತ್ತು: ಅಸ್ಗರ್-3.

“ತಗಳಪ್ಪ!” ಅಂದ ದಯಾನಂದ್. “ಬಾಗ್ಲು ಯಾಕೆ ಬೇಕು? ಮನೇಲಿ ಕೂತ್ಕಂಡೇ ನೋಡವ್ರೆ. ಯಾರ್ಲಾ ಅಸ್ಗರ್ರು? ನಿಮ್ಮೋರೇ ತಾನೇ?”

“ಸಾರ್, ಅಸ್ಗರ್ ಅನ್ನೋರು ಈ ಊರ್ನಾಗೇ ನೂರು ಜನ ಅವ್ರೆ. ದಯಾನಂದ್ ಅನ್ನೋರು ಎಷ್ಟು ಜನ ಇಲ್ಲ?”

“ಎದ್ರು ಮಾತಾಡ್ಬ್ಯಾಡ. ಸೋಮ್ವಾರದ ಮಾತು ಸೋಮ್ವಾರವೇ.”

ತಾನು ಹಾಕಿದ ಕಾವಲು ರಸೂಲನನ್ನು ಇನ್ನಷ್ಟು ಸಿಕ್ಕಿಸಿದ್ದು ರಕ್ಷಿತಾಳಿಗೆ ತಿಳಿಯಿತು. ಅವಳಿಗೆ ಗೊತ್ತಿದ್ದ ಅಸ್ಗರ್ ಒಬ್ಬನೇ. ಚನ್ನಪಟ್ಟಣದಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡುವವನು, ರುದ್ರಪ್ರಸಾದನ ಗೆಳೆಯ. ಬಸ್‌ಸ್ಟ್ಯಾಂಡಿಗೆ ನಡೆದಳು.

ಅಸ್ಗರನ ಅಂಗಡಿ ಗೊಂಬೆ ಅಂಗಡಿಗಳ ಸಾಲಿನ ಹಿಂದಿತ್ತು. ಅವಳನ್ನು ಕಂಡು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟು, ಇದ್ದ ಒಂದೇ ಸ್ಟೂಲನ್ನು ಒರೆಸಿ ಕೊಟ್ಟ. ಅವಳು ಸುತ್ತಿ ಬಳಸದೆ ಹೇಳಿದಳು.

“ಅಲ್ಲಾ, ನಸುಕಲ್ಲೆದ್ದು ಕನ್ನ ಹಾಕೋಕೆ ನಾನಾ?” ಅಂದ ಅಸ್ಗರ್. “ನಮ್ಮನೆಯೋರ್ನ ಕೇಳಿ ತಂಗಿ, ಒಂಬತ್ತಕ್ಕೆ ನೀರು ಚೆಲ್ಲಿ ಎಬ್ಬಿಸ್ತಾಳೆ.” ಆಮೇಲೆ ನಗು ನಿಲ್ಲಿಸಿದ. “ಅಸ್ಗರ್-3 ನಂದೇ. ರಿಪೇರಿಗೆ ಬಿಟ್ಟು ಹೋಗೋರಿಗೆ ಅಲ್ಲೀಗಂಟ ಇರ್ಲಿ ಅಂತ ನಮ್ಮ ಅಂಗಡಿದೇ ಒಂದು ಕೊಡ್ತೀನಿ. ಒಂದು, ಎರಡು, ಮೂರು ಅಂತ ಹೆಸ್ರು. ಮೂರನೇದು ರುದ್ರನ ಬ್ಯಾಗಲ್ಲಿತ್ತು.”

“ನೀವು ವಾಪಸ್ ಕೇಳ್ಲೇ ಇಲ್ಲ.”

“ಸಾವಿನ ಮನೆಗೆ ಬಂದು ನನ್ ಲ್ಯಾಪ್‌ಟಾಪ್ ಕೊಡಿ ಅಂತ ಹೆಂಗೆ ಕೇಳ್ಲಿ ತಂಗಿ?”

ಬಿಡದಿ ದಾಟುವ ಹೊತ್ತಿಗೆ ರೈಲಿನ ಸೀಟಿನಲ್ಲೇ ರುದ್ರಪ್ರಸಾದನ ಎದೆಬಡಿತ ನಿಂತುಹೋಗಿತ್ತು. ಬ್ಯಾಗು ರೈಲ್ವೆ ಪೊಲೀಸರಲ್ಲಿ ಉಳಿದಿತ್ತು. ಆರಾಧನೆ ಕಳೆದ ಮೇಲೆ ಗಂಡನ ಅಣ್ಣ ಹೋಗಿ ಬಿಡಿಸಿಕೊಂಡು ನೇರ ಕುದೂರಿಗೆ, ಅತ್ತೆಯ ಮನೆಗೆ ಒಯ್ದಿದ್ದ. ಬಟ್ಟೆಬರೆ ಇರಬೇಕೆಂದುಕೊಂಡು ಅವಳು ವಿಚಾರಿಸಿರಲಿಲ್ಲ. ಕಚೇರಿಗೆ ಯಾರೋ ಬಂದು ಹೋಗಲು ಶುರುವಾದದ್ದೂ ಆ ದಿನಗಳಿಂದಲೇ.

ಮಾಗಡಿಯಲ್ಲಿ ಬಸ್ಸು ಬದಲಿಸಿ ಕುದೂರಿನ ಕಡೆ ಹೊರಟಾಗ ಅವಳಿಗೆ ಇನ್ನೊಂದು ವಿಷಯ ಹೊಳೆಯಿತು. ಇದನ್ನು ಹೇಳಿದರೆ ರಸೂಲನ ಮೇಲಿನ ಕಳ್ಳನೆಂಬ ಹೆಸರು ಇಳಿಯುತ್ತದೆ, ಇಳಿದು ರುದ್ರಪ್ರಸಾದನ ಮೇಲೆ ಕೂರುತ್ತದೆ. ಸತ್ತವನು ಎದ್ದು ಬಂದು ಅಲ್ಲ ಎನ್ನಲಾರ. ಸುಮ್ಮನೆ ಆ ಲ್ಯಾಪ್‌ಟಾಪ್ ಆರಿಸಿಬಿಟ್ಟರೆ ಬಂದು ಹೋಗುವುದು ನಿಲ್ಲುತ್ತದೆ, ಯಾರೂ ಏನೂ ಕೇಳುವುದಿಲ್ಲ. ರಸೂಲ್ ಕೆಲಸ ಕಳೆದುಕೊಳ್ಳುತ್ತಾನೆ, ಅಷ್ಟೆ. ಇದನ್ನು ಅವಳು ಬೇರೆ ಯಾರದೋ ಸಮಸ್ಯೆಯೆಂಬಂತೆ ಎರಡೂ ಕಡೆಯಿಂದ ನೋಡಿದಳು. ಬಸ್ಸು ಕುದೂರು ಮುಟ್ಟಿದಾಗಲೂ ಯಾವ ಕಡೆಗೂ ವಾಲಿರಲಿಲ್ಲ.

ಅತ್ತೆ ಗಿರಿಜಾಂಬ ಒಳಕೋಣೆಯಲ್ಲಿದ್ದರು. ರುದ್ರಪ್ರಸಾದನ ಪಟದ ಮುಂದೆ ಹನ್ನೊಂದು ದಿನ ಉರಿದ ದೀಪವನ್ನು ತೆಗೆದಾಗಿತ್ತು. ಆ ಜಾಗದಲ್ಲಿ, ಮಣೆಯ ಮೇಲೆ ಲ್ಯಾಪ್‌ಟಾಪ್ ತೆರೆದುಕೊಂಡು ಉರಿಯುತ್ತಿತ್ತು. ಚಾರ್ಜರಿನ ತಂತಿಯನ್ನು ಗೋಡೆಗೆ ಸಿಕ್ಕಿಸಿದ್ದರು. ಮುಚ್ಚಳದ ಬೆನ್ನಿಗೆ ಮೂರು ಎಳೆ ವಿಭೂತಿ. ಪರದೆಯ ಮೇಲೆ ಅವನು ತಟ್ಟೆ ಇಡ್ಲಿಯ ಮುಂದೆ ಬಾಯಿ ತುಂಬಿಕೊಂಡು ಕೂತಿದ್ದ. ಆ ಫೋಟೋ ತೆಗೆದವಳು ರಕ್ಷಿತಾ.

“ದೀಪ ತೆಗೀಬೇಕು ಅಂದ್ರು, ತೆಗುದ್ರು,” ಅಂದರು ಅತ್ತೆ. “ಇದು ದೀಪ ಅಲ್ವಲ್ಲ. ಯಾರೇನಂದಾರು? ಒಸಿ ಹೊತ್ತಿಗೊಂದ್ಸಲ ಕಣ್ಮುಚ್ಕತದೆ. ಬೆರಳಲ್ಲಿ ಮುಟ್ಟುದ್ರೆ ಮತ್ತೆ ಬತ್ತಾನೆ.”

“ರಾತ್ರಿನೂ ಮುಟ್ತೀರಾ?”

“ನಿದ್ದೆ ಎಲ್ಲವ್ವ ಬತ್ತದೆ?”

ಅಸ್ಗರನ ಅಂಗಡಿಯ ಯಂತ್ರಗಳಿಗೆ ಪಾಸ್‌ವರ್ಡ್ ಇರಲಿಲ್ಲ. ಕುದೂರಿನ ಮನೆಯ ವೈಫೈ ಇದಕ್ಕೆ ಹಿಂದೆಯೇ ಗೊತ್ತಿತ್ತು. ನಸುಕಾಯಿತೆಂದರೆ ಎದ್ದು ಸಂಘಕ್ಕೆ ಹೋಗಿ ಎಲ್ಲದರ ನಕಲು ತೆಗೆದುಕೊಂಡು ಬಾ ಎಂದು ರುದ್ರಪ್ರಸಾದ್ ಅದಕ್ಕೆ ಹೇಳಿಟ್ಟಿದ್ದ. ಅತ್ತೆ ಅದನ್ನು ಎಚ್ಚರವಾಗಿಟ್ಟಿದ್ದರಿಂದ ಹೋಗಿ ಬರುತ್ತಿತ್ತು. ರಕ್ಷಿತಾ ಮಣೆಯ ಮುಂದೆ ಕೂತು ನಕಲುಗಳಿದ್ದ ಜಾಗ ಹುಡುಕಿದಳು. ಎಲ್ಲ ಒಂದೇ ಕಡೆ ಬಿದ್ದಿದ್ದವು: ಹರಾಜಿನ ಬೆಲೆ, ಕರೆಂಟ್ ಬಿಲ್ಲು, ಆಯುಧಪೂಜೆಯ ಫೋಟೋ. ತಂದು ಸುರಿದದ್ದು ಬಿಟ್ಟರೆ ಒಂದನ್ನೂ ಯಾರೂ ತೆರೆದಿರಲಿಲ್ಲ. ಆ ಜಾಗಕ್ಕೆ ಅವನು ನೂಲಿನ ಸುರುಳಿಯ ಹೆಸರನ್ನು ಇಟ್ಟಿದ್ದ: ‘ಲಡಿ’.

ಅವಳು ಅತ್ತೆಗೆ ಎಲ್ಲವನ್ನೂ ಹೇಳಿದಳು, ಅವನ ಹೆಸರಿಗೆ ಏನು ಬರಬಹುದೆಂಬುದನ್ನೂ. ಗಿರಿಜಾಂಬ ಬಹಳ ಹೊತ್ತು ಪರದೆ ನೋಡುತ್ತ ಕೂತರು. ಅದು ಮಂಕಾಯಿತು. ಅವರ ಕೈ ಮುಂದೆ ಬಂದು ನಿಂತಿತು.

“ಇದು ನಮ್ದಲ್ವಾ ಅಂಗಾದ್ರೆ?”

“ಅಲ್ಲ. ಚನ್ನಪಟ್ಟಣದ ಅಸ್ಗರ್‌ದು. ಇಸ್ಕೊಂಡಿದ್ರು.”

“ಇಸ್ಕಂಡಿದ್ದು ಕೊಟ್ಬುಡು. ಅವ್ನ ಮ್ಯಾಲೆ ಬರೋದು ಬರ್ಲಿ, ಅವ್ನು ಮಣ್ಣಾಗವ್ನೆ. ಆ ಸಾಬರ ಹುಡ್ಗ ಮಕ್ಳು ಕಟ್ಕಂಡು ಎಲ್ಲಿಗೋದಾನು?”

ಮುಚ್ಚಳ ಮುಚ್ಚಿದವರು ಅವರೇ. ಫೋಟೋವನ್ನು ಪ್ರಿಂಟ್ ಹಾಕಿಸಿ ತಂದುಕೊಡುವುದಾಗಿ ಅವಳು ಹೇಳಿದಳು. ಬೇಡ, ಅದರಲ್ಲಿ ಬೆಳಕಿರುವುದಿಲ್ಲ ಎಂದರು.

ಸೋಮವಾರದ ಸಭೆಗೆ ದಯಾನಂದನ ಜೊತೆ ನಾಲ್ಕೈದು ಮಂದಿ ನೂಲಿನವರು ಬಂದಿದ್ದರು. ರಸೂಲ್ ಬಾಗಿಲ ಬಳಿ ನಿಂತಿದ್ದ. ರಕ್ಷಿತಾ ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು, ಬಂದು ಹೋಗುತ್ತಿದ್ದದ್ದು ಇದೇ, ಇದನ್ನು ಆರಿಸಿದ ಮೇಲೆ ಭಾನುವಾರವೂ ಇವತ್ತೂ ಯಾರೂ ಬಂದಿಲ್ಲ, ಕಾವಲಿನ ಯಂತ್ರದಲ್ಲಿ ನೀವೇ ನೋಡಬಹುದು ಎಂದಳು.

ದಯಾನಂದ್ ವಿಭೂತಿಯ ಎಳೆಗಳನ್ನು ನೋಡಿದ. “ಅಂದ್ರೆ... ರುದ್ರನೇ ಕದ್ದು ನೋಡ್ತಿದ್ನಾ?”

“ತೆರೆದು ನೋಡಿಲ್ಲ. ನಕಲು ಮಾಡಿ ಇಟ್ಟಿದ್ದಾರೆ. ಈ ಜಾಗಕ್ಕೆ ಲಡಿ ಅಂತ ಹೆಸರಿಟ್ಟಿದ್ದಾರೆ. ಯಾಕೆ ಅಂತ ನನಗೆ ಗೊತ್ತಿಲ್ಲ.”

ಆ ಸಂಘದಲ್ಲಿ ಒಂದು ರೂಢಿಯಿತ್ತು. ಮಾರುವ ನೂಲಿನ ಪ್ರತಿ ರಾಶಿಯಿಂದಲೂ ಒಂದು ಲಡಿ ತೆಗೆದು ಕಾರ್ಯದರ್ಶಿಯ ಮನೆಯಲ್ಲಿಡುತ್ತಿದ್ದರು. ಕಚೇರಿಗೆ ಬೆಂಕಿ ಬಿದ್ದರೂ, ನೂಲು ಇಂಥದೇ ಇತ್ತು ಎಂದು ತೋರಿಸಲು ಬೇರೆ ಮನೆಯಲ್ಲೊಂದು ಇರಲಿ ಎಂದು. ಮುದುಕ ನೂಲಿನವನೊಬ್ಬ ಕೆಮ್ಮಿದ. ದಯಾನಂದ್ ತಲೆ ಕೆರೆದುಕೊಂಡ. ಎಲ್ಲರೂ ಅವನನ್ನೇ ನೋಡುತ್ತಿದ್ದರು.

“ಹೋದ್ವರ್ಷ ಯುಪಿಎಸ್ ಸುಟ್ಟು ಎಲ್ಲ ಲೆಕ್ಕ ಹೋಯ್ತಲ್ಲ,” ಅಂದ ಕೊನೆಗೆ. “ಆವಾಗ ರುದ್ರಂಗೆ ಬೈದಿದ್ದೆ ಕಣವ್ವ. ಲಡಿ ಮಡಗ್ದಂಗೆ ಇದ್ನೂ ಒಂದು ಬ್ಯಾರೆ ಮನೇಲಿ ಮಡಗಾಕೆ ನಿನಗೇನ್ಲಾ ರೋಗ ಅಂತ. ನಾನೇ ಅಂದಿದ್ದು.” ಬಾಗಿಲ ಕಡೆ ತಿರುಗದೆಯೇ ಕೂಗಿದ, “ಲೇ ರಸೂಲ್, ಅಲ್ಯಾಕ್ಲಾ ನಿಂತಿದ್ದೀಯ? ಬೀಗದ ಕೈ ತಗಂಡೋಗು. ಇಲ್ಲಿ ನೇತಾಕ್ಕಳಾಕೆ ನಾನೇನು ವಾಚ್‌ಮನ್ನಾ?”

ರಸೂಲ್ ಬಂದು ತೆಗೆದುಕೊಂಡ. ಹೊರಗೆ ಹೋಗಿ ಮುಖ ತೊಳೆಯುವ ಸದ್ದು ಕೇಳಿಸಿತು.

ಅಂದು ಮಧ್ಯಾಹ್ನ ರಕ್ಷಿತಾ ಚನ್ನಪಟ್ಟಣಕ್ಕೆ ಹೋದಳು. ನಕಲುಗಳನ್ನು ಸಂಘಕ್ಕೆ ಒಪ್ಪಿಸಿ, ಹೊರಗಿನ ಆ ದಾರಿಯನ್ನೂ ಮುಚ್ಚಿ ಬಂದಿದ್ದಳು. ಅಸ್ಗರ್ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಇಸಿದುಕೊಂಡ.

“ಅರ್ಜೆಂಟೇನಿರ್ಲಿಲ್ಲ ತಂಗಿ. ಇಟ್ಕೊಳ್ಳಿ ಬೇಕಾದ್ರೆ.”

“ಬೇಡ. ಮುಂದಿನವರು ಯಾರೋ ಕಾಯ್ತಿರ್ತಾರೆ.”

“ಕೋಡಿಹಳ್ಳಿ ಕಡೆ ಹುಡ್ಗಿ ಒಬ್ಳು. ಪ್ರಾಜೆಕ್ಟ್ ಅಂತೆ, ದಿನಾ ಫೋನು.” ಬಟ್ಟೆ ತೆಗೆದವನು ವಿಭೂತಿ ಕಂಡು ಕೈ ತಡೆದ. “ಇದ್ನ ನಾನು ಒರೆಸ್ಬೋದಾ?”

“ಕೊಡಿ,” ಎಂದು ಅವಳು ಬಟ್ಟೆ ಇಸಿದುಕೊಂಡು ತಾನೇ ಒರೆಸಿದಳು. ಮಧ್ಯದ ಎಳೆ ಗಟ್ಟಿಯಾಗಿ ಹಿಡಿದಿತ್ತು, ಒದ್ದೆ ಮಾಡಬೇಕಾಯಿತು. ಆಮೇಲೆ ಯಂತ್ರ ತೆರೆದು ರುದ್ರಪ್ರಸಾದನ ಖಾತೆ ಅಳಿಸಲು ಕೂತಳು. ಈ ಬಳಕೆದಾರನ ಎಲ್ಲವೂ ಅಳಿಸಿಹೋಗುತ್ತದೆ, ಮುಂದುವರಿಯಲೇ ಎಂದು ಅದು ಕೇಳಿತು. ಮುಂದುವರಿ ಎಂದಳು. ಕೆಲಸ ಮುಗಿಯುವವರೆಗೂ ಕೂತಿದ್ದು, ಮುಚ್ಚಿ, ಅಸ್ಗರನ ಕಡೆಗೆ ಸರಿಸಿದಳು.

“ಚಾರ್ಜರ್ರು?” ಎಂದು ಅವನು ಕೇಳಿದ.

ಅದು ಕುದೂರಿನ ಗೋಡೆಯಲ್ಲೇ ಉಳಿದಿತ್ತು.

“ನಾಳೆ ತಂದು ಕೊಡ್ತೀನಿ,” ಅಂದಳು ರಕ್ಷಿತಾ.