ಮಾವನ ಓದಿಗೆ ನಾಲ್ಕು ಅಂಗಡಿ

ವ್ಯಾಸರಾಯರಿಗೆ ಮರೆವಿನ ಕಾಯಿಲೆ ಶುರುವಾಗಿದೆ ಎಂದು ಮೊದಲು ಬಾಯಿಬಿಟ್ಟು ಹೇಳಿದವನು ಮಗ ಗುರುಪ್ರಸನ್ನ. ಸೊಸೆ ಗೋಪಿಕಾಗೂ ಅದೇ ಅನುಮಾನ ಎರಡು ತಿಂಗಳಿಂದ ಎದೆ ಕೊರೆಯುತ್ತಿತ್ತು. ಕೊಯಮತ್ತೂರಿನ ಕಾಲೇಜೊಂದರಲ್ಲಿ ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿದ ಮನುಷ್ಯ ಮೊನ್ನೆ ಕಾಫಿಗೆ ಸಕ್ಕರೆ ಬದಲು ಉಪ್ಪು ಹಾಕಿಕೊಂಡಿದ್ದರು. ಓದುತ್ತಿದ್ದ ಪುಸ್ತಕದ ಗುರುತಿನ ಚೀಟಿ ದೀಪಾವಳಿಯಿಂದ ಒಂದೇ ಪುಟದಲ್ಲಿತ್ತು. ಅದರಲ್ಲಿ ಏನಿದೆ ಎಂದು ಕೇಳಿದರೆ ಮಾತು ಮರೆಸುತ್ತಿದ್ದರು.

ಆ ಮನೆಯಲ್ಲಿ ಕನ್ನಡ ಓದಬಲ್ಲವರು ಅವರೊಬ್ಬರೇ. ಚಿಕ್ಕಂದಿನಲ್ಲಿ ತಾಯಿ ಅಡುಗೆಮನೆಯ ನೆಲದ ಮೇಲೆ ಅಕ್ಕಿಹಿಟ್ಟು ಹರಡಿ ಅಕ್ಷರ ತಿದ್ದಿಸಿದ್ದರಂತೆ. ಧಾರಾಪುರಂನ ತಮಿಳು ಶಾಲೆಯಲ್ಲಿ ಓದಿದ ಗೋಪಿಕಾಗೆ ತಮಿಳು ಬೆರೆತ ಮನೆಮಾತಿನ ಕನ್ನಡ ಬರುತ್ತಿತ್ತು, ಲಿಪಿ ಬರುತ್ತಿರಲಿಲ್ಲ.

ನರರೋಗದ ಡಾಕ್ಟರ ಬಳಿ ಕರೆದುಕೊಂಡು ಹೋಗುವ ಮುಂಚೆ ಒಂದು ಹೊಸ ಪುಸ್ತಕ ಕೊಡಿಸಿ ನೋಡೋಣ ಎನ್ನಿಸಿತು ಅವಳಿಗೆ. ಅಂಚೆಯಲ್ಲಿ ಬರಲು ವಾರ ಹಿಡಿಯುತ್ತದೆ, ಇ-ಪುಸ್ತಕವಾದರೆ ಆ ಕ್ಷಣವೇ ಕೈಗೆ ಸಿಗುತ್ತದೆ. ಭಾನುವಾರ ತಿಂಡಿಯಾದ ಮೇಲೆ ಟ್ಯಾಬ್ ಹಿಡಿದು ಮಾವನ ಪಕ್ಕ ಕುಳಿತಳು.

"ಮಾವಾ, ಆನ್‌ಲೈನಲ್ಲಿ ಕನ್ನಡ ಪುಸ್ತಕ ಮಾರೋ ಅಂಗಡಿ ನಾಲ್ಕು ಸಿಕ್ತು. ಯಾವುದು ಒಳ್ಳೇದೂಂತ ನನಗೆ ತೆರಿಯೋದಿಲ್ಲ. ನೀವೇ ನೋಡಿ ಹೇಳ್ಬೇಕು."

"ನನಗ್ಯಾಕಮ್ಮ ಈಗ ಪುಸ್ತಕ? ವೇಂಡಾಂ ಬಿಡು."

"ಚುಮ್ಮಾ ನೋಡಿ ಮಾವಾ. ಮೊದಲ ಹತ್ತು ಪುಟ ಫ್ರೀಯಾಗೇ ಕೊಡ್ತಾರೆ."

ಅವಳು ಆರಿಸಿದ್ದು ನಗೆಬರಹಗಳ ಪುಸ್ತಕ. ಮೊದಲನೆಯ ಅಂಗಡಿಯಲ್ಲಿ ಅಗ್ಗ, ಆದರೆ ಅಚ್ಚಿನ ಪುಟಗಳ ಫೋಟೋ ತೆಗೆದು ಹಾಕಿದ್ದರು. ದೊಡ್ಡದು ಮಾಡಿದರೆ ಸಾಲು ಪರದೆಯಾಚೆ ಹೋಗಿಬಿಡುತ್ತಿತ್ತು. ವ್ಯಾಸರಾಯರು ಕಣ್ಣು ಕಿರಿದು ಮಾಡಿ ನೋಡಿ, ಮುಖ ತಿರುಗಿಸಿದರು. ಗೋಪಿಕಾ ಹೆದರಿದಳು. ಓದುವುದೇ ಮರೆತುಹೋಯಿತೇ ಇವರಿಗೆ?

ಎರಡನೆಯದರಲ್ಲಿ ಅಕ್ಷರವನ್ನೇ ಹಿಗ್ಗಿಸಬಹುದಿತ್ತು. ಅವಳು ಎಷ್ಟು ದೊಡ್ಡದಾಗುತ್ತದೋ ಅಷ್ಟು ಮಾಡಿ ಮುಂದೆ ಹಿಡಿದಳು. ಮಾವ ಟ್ಯಾಬನ್ನು ಕೈಯಿಂದ ಕಿತ್ತುಕೊಂಡರು.

"ಅಯ್ಯಯ್ಯೋ, ಯಾರಮ್ಮ ಇದನ್ನ ಮಾಡಿದ್ದು? ಒತ್ತಕ್ಷರ ಎಲ್ಲಾ ಕಿತ್ತುಹೋಗಿದೆ! ಅಕ್ಕ ಅನ್ನೋ ಕಡೆ ಎರಡು ಕ ಅಕ್ಕಪಕ್ಕ ನಿಂತಿದೆ. ಇದನ್ನ ಕಾಸು ಕೊಟ್ಟು ವಾಂಗೋದಾ?"

ಗೋಪಿಕಾ ಬೆರಗಾಗಿ ಅವರ ಮುಖವನ್ನೇ ನೋಡಿದಳು. ಮರೆವು ಬಂದವರು ಹೀಗೆ ತಪ್ಪು ಹಿಡಿಯುತ್ತಾರೆಯೇ?

"ಮಾವಾ, ನಿಮಗೆ ಇದು ಕಾಣ್ತಾ?"

"ಇಷ್ಟು ದೊಡ್ಡದಿದ್ರೆ ಕಾಣದೆ ಏನು?" ಎಂದವರು ತಟ್ಟನೆ ಬಾಯಿ ಮುಚ್ಚಿಕೊಂಡರು.

"ಹಾಗಾದ್ರೆ ಚಿಕ್ಕದು?"

ಅವರು ಟ್ಯಾಬನ್ನು ಮಡಿಲಲ್ಲಿಟ್ಟುಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು. "ಆರು ತಿಂಗಳಾಯ್ತಮ್ಮ, ಎಲ್ಲಾ ಹೊಗೆ ಕವಿದ ಹಾಗಿದೆ. ತಿರುಪ್ಪೂರಿನ ಅಣ್ಣನಿಗೆ ಹೀಗೇ ಶುರುವಾಗಿ ಎರಡು ಕಣ್ಣೂ ಹೋಯ್ತಲ್ಲ. ಡಾಕ್ಟ್ರು ಅದನ್ನೇ ಹೇಳಿಬಿಟ್ರೆ? ಕೇಳೋಕೆ ಭಯ."

"ಮತ್ತೆ ಆ ಉಪ್ಪು?"

"ಎರಡು ಡಬ್ಬಿಯೂ ಒಂದೇ ಥರ ಕಂಡಿತು. ಹೇಳಿದ್ರೆ ಕಣ್ಣಿನ ವಿಷಯ ಬರುತ್ತೇಂತ ಸುಮ್ಮನೆ ಕುಡಿದೆ."

ಗೋಪಿಕಾಗೆ ನಗುವೂ ಅಳುವೂ ಒಟ್ಟಿಗೇ ಬಂತು. ಸೆರಗಿನಿಂದ ಕಣ್ಣೊರೆಸಿಕೊಂಡು, "ಉಪ್ಪಿನ ಕಾಫಿ ಪೂರ್ತಿ ಕುಡಿದ್ರಾ?" ಎಂದಳು.

"ಪೂರ್ತಿ."

ಮೂರನೆಯ ಅಂಗಡಿ ಒಂದು ಪುಟವನ್ನೂ ತೋರಿಸದೆ ಹಣ ಕೇಳಿತು. ನೋಡದೆ ಹೇಗೆ ಕೊಳ್ಳುವುದು ಎಂದು ಮಾವ ಗದರಿದರು. ನಾಲ್ಕನೆಯದರಲ್ಲಿ ಬೆಲೆ ತುಸು ಹೆಚ್ಚು, ಆದರೆ ಒತ್ತಕ್ಷರಗಳು ತಮ್ಮ ತಮ್ಮ ಜಾಗದಲ್ಲಿದ್ದವು. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಬರುವಂತೆಯೂ ಮಾಡಬಹುದಿತ್ತು. ಹಾಗೆ ಮಾಡಿದ್ದೇ ತಡ, ವ್ಯಾಸರಾಯರು ಗೋಡೆಗೆ ಒರಗಿ, ಕೊಡೆ ಕೊಳ್ಳಲು ಹೋಗಿ ಛತ್ರದ ಮದುವೆಯೂಟಕ್ಕೆ ಕೂತುಬಂದವನೊಬ್ಬನ ಪ್ರಸಂಗವನ್ನು ಗಟ್ಟಿಯಾಗಿ ಓದತೊಡಗಿದರು. ಮೂರನೆಯ ಪುಟಕ್ಕೆ ನಗು ತಡೆಯಲಾರದೆ ಕೆಮ್ಮಿದರು. ಸ್ನಾನ ಮುಗಿಸಿ ತಲೆ ಒರೆಸಿಕೊಳ್ಳುತ್ತ ಬಂದ ಗುರುಪ್ರಸನ್ನ ಬಾಗಿಲಲ್ಲೇ ನಿಂತ.

"ಅಪ್ಪನ ತಲೆ ಚೆನ್ನಾಗಿದೆ," ಎಂದಳು ಗೋಪಿಕಾ. "ಕಣ್ಣಿಗೇ ಏನೋ ಆಗಿರೋದು."

ಮಂಗಳವಾರ ಮೂವರೂ ಕಣ್ಣಿನ ಆಸ್ಪತ್ರೆಗೆ ಹೋದರು. ಡಾಕ್ಟರಮ್ಮ ಎರಡು ಗಂಟೆ ಪರೀಕ್ಷೆ ಮಾಡಿಸಿ, ಅಣ್ಣನ ಕಾಯಿಲೆಯ ವಿವರವನ್ನೂ ಕೇಳಿ, ತಮಿಳಿನಲ್ಲಿ ನಿಧಾನವಾಗಿ ವಿವರಿಸಿದರು. ಇದು ಬರೀ ಪೊರೆ. ಕಣ್ಣಿನ ನರ ಚೆನ್ನಾಗಿದೆ. ಅಣ್ಣನ ಕಾಯಿಲೆಯ ಸುಳಿವೇ ಇಲ್ಲ. ಒಂದೊಂದಾಗಿ ಎರಡೂ ಕಣ್ಣಿಗೆ ಶಸ್ತ್ರಚಿಕಿತ್ಸೆ ಮಾಡಿದರೆ ಮತ್ತೆ ಪೇಪರು ಓದಬಹುದು.

ವ್ಯಾಸರಾಯರು ಅದನ್ನು ಎರಡು ಸಲ ಹೇಳಿಸಿಕೊಂಡರು. ಹೊರಗೆ ಬಂದು ಬೆಂಚಿನ ಮೇಲೆ ಕುಳಿತು, ಬಹಳ ದಿನದಿಂದ ಬಿಗಿಹಿಡಿದಿದ್ದ ಉಸಿರನ್ನು ಬಿಟ್ಟರು. ಮಗ ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಂಡ.

ಮನೆಗೆ ಹಿಂದಿರುಗುವಾಗ ಅಪ್ಪ ಮಗ ಮುಂದಿನ ಸೀಟಿನಲ್ಲಿ ಏನೇನೋ ಮಾತಾಡುತ್ತಲೇ ಇದ್ದರು. ಎರಡು ತಿಂಗಳಿಂದ ಸರಿಯಾಗಿ ನಿದ್ದೆ ಕಾಣದ ಗೋಪಿಕಾ, ಕಾರು ಆಸ್ಪತ್ರೆಯ ಗೇಟು ದಾಟುವಷ್ಟರಲ್ಲೇ ಕಿಟಕಿಗೆ ತಲೆ ಆನಿಸಿ ನಿದ್ದೆಹೋದಳು.