ಅತ್ತೆ ನುಂಗಿದ್ದು ಯಾವುದು?

ಪರೀಕ್ಷೆಗೆಂದು ಅತ್ತೆಯ ರಕ್ತ ಹಾಕಿಟ್ಟ ಬಾಟಲಿಯಲ್ಲಿ ಮೂರನೆಯ ದಿನವೂ ಏನೂ ಬೆಳೆದಿರಲಿಲ್ಲ. ಹತ್ತು ದಿನದಿಂದ ಬಿಡದ ಜ್ವರ. ಅದರ ಮೇಲೆ ಹೃದಯದ ಕವಾಟ ಬದಲಿಸಿಕೊಂಡ ಜೀವ. ಬ್ಯಾಕ್ಟೀರಿಯಾ ಆ ಕವಾಟದಲ್ಲೇ ಬಿಡಾರ ಹೂಡಿದ್ದರೆ ಅದು ಯಾವುದೆಂದು ಗೊತ್ತಾಗಲೇಬೇಕು. "ಇನ್ನೆರಡು ದಿನ ನೋಡ್ತೀನಿ. ಆಮೇಲೆ ಕಣ್ಣುಮುಚ್ಚಿ ಏನಾದ್ರೊಂದು ಔಷಧಿ ಶುರುಮಾಡ್ಬೇಕಾಗುತ್ತೆ" ಎಂದಿದ್ದರು ಡಾಕ್ಟರಮ್ಮ. ಅದನ್ನು ಬೆಳೆಸಿ ತೋರಿಸಬೇಕಾದ ಲ್ಯಾಬಿನವಳು ನಾನೇ, ಸೊಸೆ.

ವಾರ್ಡಿಗೆ ಹೋಗಿ ನಾಲ್ಕನೆಯ ಸಲ ಕೇಳಿದೆ.

"ಅತ್ತೆ, ರಕ್ತ ಕೊಡೋಕೆ ಮುಂಚೆ ಮಾತ್ರೆ ಏನಾದ್ರೂ ತಗೊಂಡಿದ್ರಾ?"

"ಇಲ್ಲ ಅಂದ್ನಲ್ಲಮ್ಮ. ಒಳ್ಳೆ ಪೊಲೀಸಿನವರ ತರ ಕೇಳ್ತೀಯ!"

"ಒಂದೂ ಇಲ್ವಾ?"

"ಮಾತ್ರೆ ಇಲ್ಲ. ಕ್ಯಾಪ್ಸೂಲು."

ಎಂದೋ ಹಲ್ಲುನೋವಿಗೆ ತಂದದ್ದು ಉಳಿದಿತ್ತಂತೆ. ದಿನಕ್ಕೆರಡು, ರಕ್ತ ಕೊಟ್ಟ ಬೆಳಿಗ್ಗೆಯವರೆಗೂ. ಅಷ್ಟು ಔಷಧ ಬ್ಯಾಕ್ಟೀರಿಯಾವನ್ನು ಪೂರ್ತಿ ಕೊಲ್ಲುವುದಿಲ್ಲ, ಬಾಟಲಿಯಲ್ಲಿ ಬೆಳೆಯಲೂ ಬಿಡುವುದಿಲ್ಲ.

"ಹೆಸರೇನು ಅದ್ರದ್ದು?"

"ನಂಗೇನು ಗೊತ್ತು? ಹೆಸರಿರೋ ಪಟ್ಟಿ ಬಿಸಾಕಿ, ಬಿಡಿಬಿಡಿಯಾಗಿ ಗುಂಡಿ ಡಬ್ಬಕ್ಕೆ ಹಾಕ್ಕೊಂಡಿದ್ದೆ. ಈಗ ಒಂದೂ ಉಳಿದಿಲ್ಲ."

ಅತ್ತೆ ದರ್ಜಿ, ಅವರ ಆಸ್ತಿಪಾಸ್ತಿಯೆಲ್ಲ ಡಬ್ಬಗಳಲ್ಲೇ.

ನಮ್ಮ ಲ್ಯಾಬಿನ ಫ್ರಿಜ್ಜಿನಲ್ಲಿ ಪೆನಿಸಿಲಿನೇಸ್ ಎಂಬ ಕಿಣ್ವದ ಪುಟ್ಟ ಸೀಸೆ ಇತ್ತು. ಹಟಮಾರಿ ಬ್ಯಾಕ್ಟೀರಿಯಾಗಳು ಪೆನಿಸಿಲಿನ್ ಜಾತಿಯ ಔಷಧವನ್ನು ತುಂಡರಿಸಿ ಬದುಕಿಕೊಳ್ಳುವುದು ಇದರಿಂದಲೇ. ಅವುಗಳ ಜೀನನ್ನು ಸಾಧು ಬ್ಯಾಕ್ಟೀರಿಯಾವೊಂದಕ್ಕೆ ಸೇರಿಸಿ, ಅದರ ಕೈಲಿ ಬೇಕಾದಷ್ಟು ಕಿಣ್ವ ಮಾಡಿಸಿ ಮಾರುತ್ತಾರೆ. ಊರಿನ ಆಸ್ಪತ್ರೆಗಳಿಗೆಲ್ಲ ತಲೆನೋವಾದದ್ದು ನಮ್ಮಲ್ಲಿ ಕೂಲಿ ಮಾಡುತ್ತದೆ. ಬಾಟಲಿಗೆ ಹಾಕಿದರೆ ಉಳಿದ ಔಷಧವನ್ನು ಕತ್ತರಿಸಿಹಾಕುತ್ತದೆ. ಆದರೆ ಬೇರೆ ಜಾತಿಯ ಔಷಧವಾಗಿದ್ದರೆ ಇದ್ದ ಒಂದು ಸೀಸೆಯೂ ದಂಡ.

"ಹೆಸರು ಹೆಸರು ಅಂತೀಯ, ಬಣ್ಣ ಕೇಳ್ಬಾರ್ದಾ?" ಎಂದರು ಅತ್ತೆ. "ಒಂದು ಕಡೆ ಮರೂನು, ಇನ್ನೊಂದು ಕಡೆ ಹಳದಿ. ನಿಂಬೆ ಹಳದಿಯಲ್ಲ, ಲೈನಿಂಗ್ ಬಟ್ಟೆಯದು, ಮಾಸಲು."

ಔಷಧದಂಗಡಿಗೆ ಓಡಿ, ಹೋಲುವಂಥವು ಮೂರು ತಂದೆ. ಅತ್ತೆ ದಾರದ ಬಣ್ಣ ಕೂಡಿಸುವವರಂತೆ ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದರು.

"ಇದು ಇಟ್ಟಿಗೆ ಬಣ್ಣ, ತೆಗಿ ಅತ್ಲಾಗೆ. ಇದೂ ಅಲ್ಲ. ಹಾಂ, ಇದೇ!"

ಅಮಾಕ್ಸಿಸಿಲಿನ್. ಪೆನಿಸಿಲಿನ್ನಿನ ಕುಲಬಾಂಧವ. ಒಂದೇ ಉಸಿರಿಗೆ ಲ್ಯಾಬಿಗೆ ಬಂದು ಬಾಟಲಿಗೆ ಕಿಣ್ವ ಸೇರಿಸಿದೆ.

ಮರುದಿನ ಮಧ್ಯಾಹ್ನ, ಬಾಟಲಿ ಇಟ್ಟಿದ್ದ ಯಂತ್ರ ಏನೋ ಬೆಳೆದಿದೆಯೆಂದು ಕೂಗಿತು. ಸೂಕ್ಷ್ಮದರ್ಶಕದಡಿ ಸರ ಪೋಣಿಸಿದಂತೆ ದುಂಡನೆಯ ಬ್ಯಾಕ್ಟೀರಿಯಾಗಳು. ಯಾವ ಔಷಧಕ್ಕೆ ಸಾಯುತ್ತವೆಂದು ಪರೀಕ್ಷಿಸಿದರೆ, ಮಾಮೂಲಿ ಪೆನಿಸಿಲಿನ್ನಿಗೇ. ಡಾಕ್ಟರಮ್ಮ ಆರು ವಾರದ ಇಂಜೆಕ್ಷನ್ ಬರೆದರು.

"ಅಂದ್ರೆ ನಾನು ತಗೊಂಡಿದ್ದು ಸರಿಯಾದ ಔಷಧಾನೇ ಅಂತಾಯ್ತು!" ಎಂದರು ಅತ್ತೆ, ಆಚೆ ಮಂಚದವರಿಗೂ ಕೇಳುವಂತೆ.

"ಅತ್ತೆ, ಆರು ವಾರ. ಒಂದು ಹೊತ್ತೂ ತಪ್ಪೋ ಹಾಗಿಲ್ಲ."

"ಅದು ಸರಿ. ಎರಡೇ ವಾರಕ್ಕೆ ಜ್ವರ ಬಿಟ್ಬಿಟ್ರೆ?"

ನಾನು ನರ್ಸಮ್ಮನನ್ನು ಕರೆದು, ಅತ್ತೆಯ ಫೈಲಿನ ಮೇಲೆ ದಪ್ಪಕ್ಷರದಲ್ಲಿ ಬರೆಸಿದೆ: ರೋಗಿಯ ಮಾತನ್ನು ನಂಬಬೇಡಿ, ಸೊಸೆಯನ್ನು ಕೇಳಿ.