ಅಮ್ಮ ನೋಡಬಾರದ ಆಟ

"ಇನ್ನೂ ಇಲ್ಲೇ ಇದ್ದೀಯಾ? ಹುಡುಗೀರು ಮೈದಾನಕ್ಕೆ ಇಳಿದಾಯ್ತು ಕಣೇ, ಹೊರಡು!" ಗಂಡ ಟಿ.ವಿ.ಯಿಂದ ಕಣ್ಣು ಕೀಳದೆ ಕೂಗಿದ.

ಅವಳು ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು ಒರೆಸಿದ ಲೋಟವನ್ನೇ ಮತ್ತೆ ಒರೆಸುತ್ತಿದ್ದಳು. ಕತ್ತು ಒಂದಿಷ್ಟು ಚಾಚಿದರೆ ಸಾಕು, ಟಿ.ವಿ. ಕಾಣುತ್ತಿತ್ತು, ಅದರೊಳಗೆ ಎಲ್ಲೋ ಪುಟ್ಟಿ ಇದ್ದಳು. ಮನೆಯಲ್ಲಿ ಎಲ್ಲರಿಗಿಂತ ಒಂದು ಗೇಣು ಎತ್ತರ ಬೆಳೆದರೂ ಪುಟ್ಟಿಯಾಗಿಯೇ ಉಳಿದ ಮಗಳು, ಈಗ ಹದಿನೆಂಟರೊಳಗಿನ ಹುಡುಗಿಯರ ದೇಶದ ಫುಟ್‌ಬಾಲ್ ತಂಡಕ್ಕೆ ಗೋಲ್‌ಕೀಪರ್. ನೆರೆಯ ದೇಶಗಳೆಲ್ಲ ಸೇರಿ ಆಡುವ ಪಂದ್ಯಾವಳಿಯ ಫೈನಲ್ ಇವತ್ತು. ಅದೂ ಪಕ್ಕದ ದೇಶದ ಮೇಲೆ, ಅವರದೇ ಮೈದಾನದಲ್ಲಿ.

"ಅತ್ತಿಗೆ, ಕೈ ಮುಗಿತೀನಿ," ಎಂದ ಮೈದುನ. ಅವನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಪುಟ್ಟಿ ಗೆಲ್ಲಬೇಕಾದರೆ ಆಟ ಮುಗಿಯುವವರೆಗೆ ಅವನು ಅಲ್ಲಿಂದ ಕದಲುವಂತಿಲ್ಲ. ಗಂಡ ಒಗೆಯದ ನೀಲಿ ಅಂಗಿ ತೊಟ್ಟು ಅದೇ ಖುರ್ಚಿಯಲ್ಲಿ ಕೂರಬೇಕು, ಅತ್ತೆ ನೆಲದ ಮೇಲೆ ಕಾಲು ಚಾಚಿ ಗೋಡೆಗೊರಗಬೇಕು. ಅವಳು ಮಾತ್ರ ನೋಡಬಾರದು. ಇದನ್ನು ಯಾರೂ ಸಿಟ್ಟಿನಿಂದ ತೀರ್ಮಾನಿಸಿದ್ದಲ್ಲ. ಒಮ್ಮೆ ಅವಳು ಹೊಸ ಚಪ್ಪಲಿ ಹಾಕಿಕೊಂಡು ಮೈದಾನಕ್ಕೇ ಹೋಗಿದ್ದಳು, ಪುಟ್ಟಿಯ ತಂಡ ನಾಲ್ಕು ಗೋಲಿನಿಂದ ಸೋತಿತು. ಇನ್ನೊಮ್ಮೆ ಎಲ್ಲರ ಜೊತೆ ಟಿ.ವಿ. ಮುಂದೆ ಕೂತಳು, ಆಗಲೂ ಸೋಲು. "ನಿನ್ನ ಕಣ್ಣಿಗೆ ಸ್ವಲ್ಪ ರಜೆ ಕೊಡೇ" ಎಂದು ಗಂಡ ನಕ್ಕಿದ್ದ, ಅವಳೂ ನಕ್ಕು ಅಡುಗೆಮನೆಗೆ ಹೋಗಿದ್ದಳು. ಅವತ್ತು ಗೆದ್ದರು. ತಮಾಷೆಗೆ ಶುರುವಾದದ್ದು ಗೆಲ್ಲುತ್ತಾ ಹೋದ ಹಾಗೆ ಮನೆಯ ಕಾನೂನಾಯಿತು. ಮೊನ್ನೆ ಸೆಮಿಫೈನಲ್ ದಿನ ಅವಳು ಯಾರಿಗೆ ಚಹಾ ಬೇಕೆಂದು ಕೇಳಲು ತಲೆ ಹೊರಹಾಕಿದ್ದೇ ತಡ, ಎದುರಾಳಿಗಳು ಗೋಲು ಹೊಡೆದುಬಿಟ್ಟರು. ಆಮೇಲೆ ಗೆದ್ದರೆನ್ನಿ. ಆದರೂ ಇನ್ನು ಅಡುಗೆಮನೆಯೂ ಸಾಲದು, ಮನೆಯಿಂದಲೇ ಆಚೆ ಹೋಗಬೇಕೆಂದು ತೀರ್ಮಾನವಾಯಿತು.

"ನಿನ್ನ ಕಣ್ಣು ಕೆಟ್ಟದ್ದು ಅಂತಲ್ಲಮ್ಮಾ," ಎಂದರು ಅತ್ತೆ. "ಮಗು ದೊಡ್ಡ ಆಟ ಆಡ್ತಿದೆ. ಯಾಕೆ ಸುಮ್ನೆ, ಅಲ್ವಾ?"

"ಹೋಗ್ತೀನಿ ಅತ್ತೆ. ಅಂಗಿಗಳನ್ನ ಇಸ್ತ್ರಿಗೆ ಕೊಡೋದೂ ಇತ್ತು," ಎಂದಳು. ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುವುದು ಅವಳ ಕೆಲಸ. ಹೊಲಿಗೆ ಮುಗಿದ ಬಿಳಿ ಅಂಗಿಗಳ ಗಂಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಟಿ.ವಿ.ಗೆ ಬೆನ್ನು ಹಾಕಿ, ಗೋಡೆ ಹಿಡಿದುಕೊಂಡೇ ಹೊರಗೆ ಬಂದಳು.

ಬೆಳಗ್ಗೆ ಪುಟ್ಟಿ ಫೋನ್ ಮಾಡಿದ್ದಳು. "ಅಮ್ಮಾ, ಇವತ್ತು ನೋಡ್ತೀಯಲ್ವಾ? ಮುಂದಿನ ವರ್ಷ ನಂಗೆ ವಯಸ್ಸು ಮೀರುತ್ತೆ. ಈ ಹುಡುಗೀರ ಜೊತೆ ಇದೇ ಕೊನೆ."

"ನೋಡದೆ ಇರ್ತೀನಾ?" ಎಂದಿದ್ದಳು ಅವಳು, ಎಂದಿನ ಹಾಗೆ. ಈ ಕಾನೂನಿನ ಸುದ್ದಿಯನ್ನು ಮಗಳಿಗೆ ಯಾರೂ ಹೇಳಿರಲಿಲ್ಲ. ಪ್ರತಿ ಆಟ ಮುಗಿದ ಮೇಲೆ, ಪುಟ್ಟಿಯ ಫೋನ್ ಬರುವುದರೊಳಗೆ ಗಂಡ ಅವಳಿಗೆ ಪಾಠ ಹೇಳಿಕೊಡುತ್ತಿದ್ದ. ಯಾವ ಚೆಂಡು ಎಲ್ಲಿಂದ ಬಂತು, ಮಗಳು ಹೇಗೆ ತಡೆದಳು ಎಂದೆಲ್ಲ. ಅವಳು ಅದನ್ನೇ ಫೋನಿನಲ್ಲಿ ಒಪ್ಪಿಸುತ್ತಿದ್ದಳು. ಊರಿಗೆಲ್ಲ ಕಂಡ ಮಗಳು ಹೆತ್ತವಳಿಗೆ ಮಾತ್ರ ಕಂಡಿರಲಿಲ್ಲ. ಅದು ಅವಳಿಗೆ ಎಷ್ಟು ನೋಯುತ್ತದೆಂದು ಅವಳಿಗೇ ಇವತ್ತು, ಈ ಖಾಲಿ ಬೀದಿಯಲ್ಲಿ ನಿಂತಾಗ ಗೊತ್ತಾಯಿತು.

ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಮನೆಮನೆಯ ಕಿಟಕಿಯಿಂದಲೂ ಒಂದೇ ಗದ್ದಲ ಬರುತ್ತಿತ್ತು. ಇಸ್ತ್ರಿ ಅಂಗಡಿ ಹತ್ತಿರದಲ್ಲೇ ಇದ್ದರೂ ಅವಳು ಸುತ್ತು ಹಾಕಿಕೊಂಡು ಹೊರಟಳು. ಒಂದು ಮನೆಯಲ್ಲಿ "ಹೋ!" ಎಂದರು. ಅವಳು ನಿಂತಳು. ಅದು ಸಂಕಟದ "ಹೋ" ಇರಬಹುದೇ, ಸಂತೋಷದ್ದೇ? ನಾಲ್ಕು ಹೆಜ್ಜೆ ಮುಂದೆ ಇನ್ನೊಂದು ಮನೆಯವರು ಅದನ್ನೇ ತಡವಾಗಿ ಕೂಗಿದರು, ಅವರ ಟಿ.ವಿ. ಹಿಂದೆ ಬಿದ್ದಿತ್ತೋ ಏನೋ. ಆದ ಸಂಗತಿ ಒಂದೇ ಆದರೂ ಎರಡೆರಡು ಸಲ ಸಾಯಬೇಕಾಯಿತು. ಹೂವಿನ ಕುಂಡ, ಒಣಹಾಕಿದ ಬಟ್ಟೆ, ಗೇಟಿನ ಚಿಲಕ, ಕಂಡದ್ದನ್ನೆಲ್ಲ ನೋಡಿದಳು. ನೋಡಬಾರದ್ದು ಒಂದನ್ನು ಬಿಟ್ಟು ಜಗತ್ತಿನಲ್ಲಿ ಎಲ್ಲವನ್ನೂ ನೋಡಬಹುದಿತ್ತು. ಗಂಟನ್ನು ಈ ಕಂಕುಳಿಂದ ಆ ಕಂಕುಳಿಗೆ ಬದಲಾಯಿಸಿದಳು. ಕಾಲು ನಿಂತಲ್ಲಿ ನಿಲ್ಲುತ್ತಿರಲಿಲ್ಲ, ಹೋಗಲು ಜಾಗವೂ ಇರಲಿಲ್ಲ. ಅದೇ ಬೀದಿಗಳನ್ನು ಸುತ್ತಿ ಸುತ್ತಿ ಕೊನೆಗೆ ಇಸ್ತ್ರಿ ಅಂಗಡಿಗೇ ಬಂದು ಸೇರಿದಳು.

ಊರಿಗೆ ಹೊಸಬನಾದ ಇಸ್ತ್ರಿಯವನು ಮೇಜಿನ ಆಚೆ ಡಬ್ಬಕ್ಕೆ ಫೋನ್ ಒರಗಿಸಿಟ್ಟು, ಕಣ್ಣು ಅದರಲ್ಲಿ, ಕೈ ಇಸ್ತ್ರಿಯಲ್ಲಿ ಇಟ್ಟು ನಿಂತಿದ್ದ.

"ಬನ್ನಿ ಅಕ್ಕ, ಆ ಕಡೆ ಇಡಿ. ಎರಡನೇ ಅರ್ಧ ಶುರುವಾಗಿ ಆಗಲೇ ಎಷ್ಟೋ ಹೊತ್ತಾಯ್ತು. ಇಬ್ರದ್ದೂ ಸೊನ್ನೆ."

"ಸೊನ್ನೆನಾ?" ಅವಳಿಗೆ ಜೀವ ಬಂದಂತಾಯಿತು. ಗಂಟು ಇಟ್ಟು, ಗೋಡೆಯ ಕಡೆ ಮುಖ ಮಾಡಿ ಕ್ಯಾಲೆಂಡರು ನೋಡುತ್ತಾ ನಿಂತಳು.

"ಇವತ್ತು ನಮ್ಮನ್ನ ಉಳಿಸಿರೋದೇ ಆ ಗೋಲ್‌ಕೀಪರ್ ಹುಡುಗಿ. ಬೀಗ ಹಾಕ್ಕೊಂಡು ಕೂತ ಹಾಗೆ ಕೂತಿದ್ದಾಳೆ, ಒಂದನ್ನೂ ಒಳಗೆ ಬಿಡ್ತಿಲ್ಲ. ಯಾರ ಮಗಳೋ ಏನೋ!"

ಅವಳು ಕ್ಯಾಲೆಂಡರಿನಲ್ಲಿ ಕಳೆದುಹೋದ ತಿಂಗಳೊಂದನ್ನು ಓದುತ್ತಿದ್ದಳು. ಅಕ್ಷರಗಳು ಕಣ್ಣಿಗೆ ಬೀಳುತ್ತಿದ್ದವೇ ಹೊರತು ತಲೆಗೆ ಹೋಗುತ್ತಿರಲಿಲ್ಲ. "ಯಾರ ಮಗಳೋ" ಎಂಬ ಮಾತು ಅವಳನ್ನು ತೋಳು ಹಿಡಿದು ತಿರುಗಿಸಿತು.

ಅಂಗೈಯಗಲದ ತೆರೆಯಲ್ಲಿ ಅವಳು ಮಗಳನ್ನು ನೋಡಿದಳು. ಚೆಂಡು ದೂರದಲ್ಲಿ, ಮೈದಾನದ ಆ ತುದಿಯಲ್ಲಿತ್ತು. ಉಳಿದವರೆಲ್ಲ ಅಲ್ಲಿದ್ದರು. ಈ ತುದಿಯಲ್ಲಿ ಪುಟ್ಟಿ ಒಬ್ಬಳೇ. ಗೋಲಿನ ಈ ಕಂಬದಿಂದ ಆ ಕಂಬಕ್ಕೆ ಹೋಗುವಳು, ಮುಟ್ಟುವಳು, ತಿರುಗಿ ಬಂದು ಈ ಕಂಬ ಮುಟ್ಟುವಳು. ತುಟಿ ಅಲುಗುತ್ತಿತ್ತು. ಅಂಗಿಯ ಎಡತೋಳನ್ನು ಎಳೆದು ಸರಿಮಾಡಿಕೊಂಡು ಮತ್ತೆ ನಡೆಯುವಳು. ಗಂಡ ಇಷ್ಟು ದಿನ ಹೇಳಿಕೊಟ್ಟ ಪಾಠದಲ್ಲಿ ಇದೊಂದೂ ಇರಲಿಲ್ಲ. ಅದರಲ್ಲಿ ಇದ್ದದ್ದು ಚೆಂಡಿನ ಕತೆ ಮಾತ್ರ. ಇಷ್ಟು ಜನರ ನಡುವೆ ಮಗಳು ಇಷ್ಟೊಂದು ಹೊತ್ತು ಒಂಟಿಯಾಗಿ ನಿಂತಿರುತ್ತಾಳೆಂದು ಯಾರೂ ಹೇಳಿರಲಿಲ್ಲ. ಅಷ್ಟರಲ್ಲಿ ಚೆಂಡು ಈ ಕಡೆ ಬಂತು, ಯಾರೋ ಒದ್ದರು, ಪುಟ್ಟಿ ಎಡಕ್ಕೆ ಉದ್ದಕ್ಕೆ ಹಾರಿ ಅದನ್ನು ಆಚೆ ತಳ್ಳಿದಳು.

"ನೋಡಿದ್ರಾ ಅಕ್ಕ! ನೋಡಿದ್ರಾ!"

"ನೋಡಿದೆ, ನೋಡಿದೆ!" ಅವಳು ಮೇಜು ಗುದ್ದಿದಳು. ತಾನು ನೋಡಿಯೂ ಮಗಳು ತಡೆದಳು. ಹಾಗಾದರೆ ಈ ಕಣ್ಣಿನಲ್ಲಿ ಏನೂ ಇಲ್ಲ! ಈಗಲೇ ಮನೆಗೆ ಓಡಿಹೋಗಿ ಮೂವರ ಮುಂದೆಯೂ ಹೇಳಿಬಿಡಬೇಕೆನಿಸಿತು.

ಆಮೇಲೆ ಮೈದಾನದಲ್ಲಿ ಮಳೆ ಶುರುವಾಯಿತು. ಪಕ್ಕದ ದೇಶದ ಹುಡುಗಿಯೊಬ್ಬಳು ದೂರದಿಂದಲೇ ಒಂದು ಚೆಂಡು ಬಿಟ್ಟಳು. ಅಂಥ ಭಾರಿ ಒದೆತವೇನಲ್ಲ. ಪುಟ್ಟಿ ನೇರ ಅದರ ಹಿಂದೆ ಇದ್ದಳು, ಬಾಗಿದಳು, ಎರಡೂ ಕೈಯಿಂದ ಹಿಡಿದಳು. ಚೆಂಡು ಕೈಯಿಂದ ಜಾರಿ, ಕಾಲ ಸಂದಿಯಲ್ಲಿ ನುಸುಳಿ, ನಿಧಾನಕ್ಕೆ ಉರುಳುತ್ತಾ ಗೆರೆ ದಾಟಿತು.

"ಥೂ! ಕೈಗೇನು ಬೆಣ್ಣೆ ಹಚ್ಕೊಂಡಿದ್ಲಾ? ದಂಡಪಿಂಡ!"

"ಬಾಯ್ಮುಚ್ಚು! ಅವಳು ನನ್ನ ಮಗಳು!"

ಇಸ್ತ್ರಿಯವನು ಬೆಪ್ಪಾಗಿ ಅವಳನ್ನೇ ನೋಡಿದ. ಸುಟ್ಟ ವಾಸನೆ ಬಂದ ಮೇಲೆಯೇ ಅವನ ಕೈ ಮೇಲೆದ್ದದ್ದು. ಯಾರದೋ ಅಂಗಿಯ ಅಂಚಿನಲ್ಲಿ ಇಸ್ತ್ರಿಯ ಮೂತಿ ಕಂದು ಬಣ್ಣದಲ್ಲಿ ಮೂಡಿತ್ತು. "ಅಂಗಿಯ ಬುಡ, ಪ್ಯಾಂಟಿನೊಳಗೆ ಹೋಗುತ್ತೆ ಬಿಡಪ್ಪ," ಎಂದು ಅವಳ ಬಾಯಿ ತನ್ನಷ್ಟಕ್ಕೆ ಹೇಳಿತು. ಕಣ್ಣು ಆಗಲೇ ಗೋಡೆಯ ಕಡೆ ತಿರುಗಿತ್ತು. ನೋಡಿದ್ದೇ ತಪ್ಪಾಯಿತು. ಮನೆಯಲ್ಲಿ ಹೇಳುವುದೇ ನಿಜವಾಯಿತು. ನಾನು ಬರದಿದ್ದರೆ, ನೋಡದಿದ್ದರೆ, ಆ ಚೆಂಡು ಅವಳ ಕೈಯಲ್ಲೇ ಇರುತ್ತಿತ್ತು.

"ಪಾಪ," ಬೆನ್ನ ಹಿಂದೆ ಇಸ್ತ್ರಿಯವನು ಮೆಲ್ಲಗೆ ಹೇಳಿದ. "ಕೆಸರಲ್ಲಿ ಕೂತುಬಿಟ್ಟಿದ್ದಾಳೆ ಅಕ್ಕ. ಯಾರೂ ಹತ್ರ ಹೋಗ್ತಿಲ್ಲ."

ಅವಳು ತಿರುಗಿದಳು. ಇನ್ನೂ ಗೋಲು ಬಿದ್ದರೆ ಬೀಳಲಿ. ಈಗ ಮುಖ ತಿರುಗಿಸಿದರೆ ಮಗಳನ್ನು ಅಲ್ಲೇ ಬಿಟ್ಟು ಬಂದ ಹಾಗೆ. ಪುಟ್ಟಿ ಎದ್ದಳು, ಕೈಗವಸುಗಳನ್ನು ಎದೆಗೆ ಉಜ್ಜಿಕೊಂಡಳು, ಕಂಬ ಮುಟ್ಟಿದಳು. ಕೊನೆಯ ಸೀಟಿ ಊದುವವರೆಗೆ ತಾಯಿ ರೆಪ್ಪೆ ಬಡಿಯದೆ ನೋಡಿದಳು. ಒಂದು ಗೋಲಿನಿಂದ ಸೋತರು.

ಅವಳು ಮನೆಗೆ ಬಂದಾಗ ಎಲ್ಲರೂ ತಂತಮ್ಮ ಜಾಗದಲ್ಲೇ ಇದ್ದರು. ಟಿ.ವಿ.ಯಲ್ಲಿ ಪಕ್ಕದ ದೇಶದ ಹುಡುಗಿಯರು ಕಪ್ ಎತ್ತಿ ಕುಣಿದು ಮುಗಿದು ಜಾಹೀರಾತು ಬರುತ್ತಿತ್ತು. ಮೈದುನ ಇನ್ನೂ ಚೌಕಟ್ಟು ಬಿಟ್ಟಿರಲಿಲ್ಲ.

"ಅತ್ತಿಗೆ, ನೀವೆಲ್ಲೂ ನೋಡಲಿಲ್ಲ ತಾನೆ?"

"ಅವಳೇನು ಮಾಡಿದ್ಲೋ, ಪಾಪ. ಮನೆ ಬಿಟ್ಟೇ ಹೋಗಿದ್ಲಲ್ಲ," ಎಂದರು ಅತ್ತೆ.

ಅವಳು ಬಾಗಿ ಚಪ್ಪಲಿ ಕಳಚಿದಳು. ಗಂಡ ಹತ್ತಿರ ಬಂದು ಅಭ್ಯಾಸಬಲದಿಂದ ಪಾಠ ಶುರುಮಾಡಿದ. "ಫೋನ್ ಬರುತ್ತೆ. ಮಳೆ ಬಂದು ಚೆಂಡು ಜಾರ್ತಿತ್ತು, ನಿನ್ನ ತಪ್ಪಲ್ಲ ಅನ್ನು. ಎಡಗಡೆ ಹಾರಿ ಒಂದು ತಡೆದ್ಲು, ಅದನ್ನ ಹೊಗಳು. ಗೊತ್ತಾಯ್ತಾ?" ಕಣ್ಣಾರೆ ಕಂಡದ್ದನ್ನು ಅವಳು ತಲೆ ಆಡಿಸುತ್ತಾ ಕೇಳಿಸಿಕೊಂಡಳು.

ಫೋನ್ ಬಂತು. ಎಲ್ಲರಿಗೂ ಕೇಳಲೆಂದು ಗಂಡ ಸ್ಪೀಕರ್ ಹಾಕಿದ. ಒಬ್ಬರಾದ ಮೇಲೆ ಒಬ್ಬರು ಸಮಾಧಾನ ಹೇಳಿದರು. ಆ ಕಡೆಯಿಂದ ಮೂಗು ಎಳೆಯುವ ಸದ್ದು ಬರುತ್ತಿತ್ತು.

"ಅಮ್ಮ ಎಲ್ಲಿ?"

"ಇಲ್ಲೇ ಇದ್ದೀನಿ ಪುಟ್ಟಿ."

"ನೋಡಿದ್ಯಾ?"

"ನೋಡಿದೆ." ಮನೆಯವರು ನಿರಾಳವಾಗಿ ತಲೆ ತೂಗಿದರು, ಎಂದಿನ ಸುಳ್ಳೇ ಅಂದುಕೊಂಡರು. "ಮಳೇಲಿ ಚೆಂಡು ಜಾರ್ತಿತ್ತು. ನಿನ್ನ ತಪ್ಪಲ್ಲ…"

"ಬೇಡಮ್ಮಾ." ಪುಟ್ಟಿಯ ಧ್ವನಿ ಒಡೆಯಿತು. "ಅಪ್ಪ ಹೇಳ್ಕೊಟ್ಟಿದ್ದನ್ನ ಒಪ್ಪಿಸ್ಬೇಡ. ನೀನು ಒಂದು ಆಟನೂ ನೋಡಲ್ಲ ಅಂತ ನಂಗೊತ್ತು. ಯಾವಾಗ್ಲೂ ಅಪ್ಪನ ಮಾತೇ ನಿನ್ನ ಬಾಯಲ್ಲಿ ಬರುತ್ತೆ. ನಂಗೆ ಬೇಜಾರಾಗುತ್ತೆ ಅಂತ ಕೇಳ್ತಿರಲಿಲ್ಲ. ಇವತ್ತಾದ್ರೂ ನೋಡ್ತೀಯ ಅಂದ್ಕೊಂಡಿದ್ದೆ."

ಗಂಡ ನೆಲ ನೋಡಿದ. ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಬಾಯಿ ಬಿಟ್ಟರೆ ಈ ಸೋಲು ತನ್ನ ತಲೆಗೇ ಬರುತ್ತದೆ. ನಾಳೆಯಷ್ಟೇ ಅಲ್ಲ, ಪುಟ್ಟಿ ಆಟ ಆಡುವಷ್ಟು ಕಾಲವೂ. ಅದು ಅವಳಿಗೆ ಸ್ಪಷ್ಟವಾಗಿ ಗೊತ್ತಿತ್ತು.

"ಚೆಂಡು ಆ ಕಡೆ ಇದ್ದಾಗೆಲ್ಲ ನೀನು ಈ ಕಂಬ ಆ ಕಂಬ ಮುಟ್ಕೊಂಡು ಓಡಾಡ್ತಿದ್ದೆ," ಎಂದಳು. "ಎಡತೋಳು ಎಳ್ಕೋತಿದ್ದೆ, ಅದು ನಿಂಗೆ ಗಿಡ್ಡ ಆಗಿದೆ. ಗೋಲಾದ್ಮೇಲೆ ಕೆಸರಲ್ಲಿ ಕೂತೆ, ಒಬ್ಬಳೂ ಹತ್ರ ಬರಲಿಲ್ಲ. ಬಾಯಲ್ಲಿ ಏನೋ ಗೊಣಗ್ತಾನೇ ಇದ್ದೆಯಲ್ಲ, ಏನದು?"

ಚೌಕಟ್ಟಿನ ಮೇಲಿದ್ದ ಮೈದುನನ ಕೈ ಕೆಳಗಿಳಿಯಿತು. "ಹಾಗಾದ್ರೆ ನೀನು…" ಎಂದು ಅತ್ತೆ ಶುರುಮಾಡಿದರು. "ಹೌದು ಅತ್ತೆ, ನೋಡಿದೆ," ಎಂದು ಅವಳು ಸ್ಪೀಕರ್ ಆರಿಸಿ ಫೋನನ್ನು ಕಿವಿಗೆ ಹಿಡಿದು ಹೊರಗೆ ನಡೆದಳು.



"ಮಗ್ಗಿ," ಎಂದಳು ಪುಟ್ಟಿ. "ಹದಿನೇಳರ ಮಗ್ಗಿ ಹೇಳ್ಕೋತೀನಿ ಅಮ್ಮಾ. ಭಯ ಆದಾಗ. ಯಾರಿಗೂ ಹೇಳ್ಬೇಡ, ನಗ್ತಾರೆ. ಆ ಚೆಂಡು ಬಂದಾಗ ಹದಿನೇಳು ಏಳ್ಲಲ್ಲಿದ್ದೆ. ಆಮೇಲೆ ಮುಂದಿನದ್ದು ಬರಲೇ ಇಲ್ಲ. ಈಗ್ಲೂ ಬರ್ತಿಲ್ಲ."

"ಹದಿನೇಳು ಏಳ್ಲ ನೂರಾ ಹತ್ತೊಂಬತ್ತು," ಎಂದಳು ತಾಯಿ.

"ಹೂಂ."

"ಹದಿನೇಳು ಎಂಟ್ಲ?"

ಒಳಗೆ ಯಾರೋ ಟಿ.ವಿ. ಆರಿಸಿದರು. ಅವಳು ಮೆಟ್ಟಿಲ ಮೇಲೆ ಕೂತು, ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡು, ಮಗಳು ಹೇಳಲೆಂದು ಕಾದಳು.